ಖರ್ಚಿನ ಪುಸ್ತಕವೂ ಹೊಳೆಯ ನೀರೂ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವನ್ನೋ ಧರ್ಮವನ್ನೋ ಕುರಿತು ಆಡುವ ಮಾತೆಂಬ ಭಾವನೆ ನಮ್ಮಲ್ಲಿ ರೂಢವಾಗಿರುವುದರಿಂದ, ಲೆಕ್ಕಪತ್ರಗಳ ವಿಷಯವನ್ನು ಹಿಡಿದುಕೊಂಡು ವೇದಿಕೆಯನ್ನೇರಿದವನನ್ನು ಕಂಡು ತಮ್ಮಲ್ಲಿ ಕೆಲವರಿಗಾದರೂ ಬೇಸರವಾಗಬಹುದು. ಆದರೆ ನಾವು ಕುಡಿಯುವ ನೀರು ಎಂಥದು, ಉಸಿರಾಡುವ ಗಾಳಿ ಎಂಥದು ಎಂಬುದು ಇಂದು ಬಹುಮಟ್ಟಿಗೆ ಯಾವುದೋ ಕಾರ್ಖಾನೆಯ ಜಮಾಖರ್ಚಿನ ಪುಸ್ತಕದಲ್ಲಿ ನಿಶ್ಚಯವಾಗುತ್ತಿರುವಾಗ, ಆ ಪುಸ್ತಕವನ್ನು ಓದಲು ಕಲಿಯುವುದೂ ಪೌರಧರ್ಮದ ಒಂದು ಅಂಗವೆಂದೇ ನಾನು ತಿಳಿದಿದ್ದೇನೆ. ಕೈಗಾರಿಕೆಗಳು ಪರಿಸರದ ರಕ್ಷಣೆಗಾಗಿ ವ್ಯಯಿಸುವ ಹಣ ಎಷ್ಟು? ಈ ಸಂಜೆ ನಾನು ಎತ್ತಿಕೊಂಡಿರುವ ಪ್ರಶ್ನೆ ಇಷ್ಟೇ.

ಇದಕ್ಕೆ ಅಂಕೆಗಳಲ್ಲಿ ಉತ್ತರ ಹೇಳುವ ಕ್ರಮಬದ್ಧವಾದ ಪ್ರಯತ್ನವನ್ನು ದೀರ್ಘಕಾಲ ನಡೆಸಿದ ದೇಶಗಳಲ್ಲಿ ಅಮೆರಿಕ ಮುಖ್ಯವಾದದ್ದು. ಅಲ್ಲಿನ ಜನಗಣತಿ ಇಲಾಖೆಯು 1973ರಿಂದ 1994ರವರೆಗೆ, ನಡುವೆ ಒಂದು ವರ್ಷವನ್ನು ಬಿಟ್ಟು, ಪ್ರತಿವರ್ಷವೂ ಕಾರ್ಖಾನೆಗಳಿಗೆ ಪ್ರಶ್ನಾವಳಿಯನ್ನು ಕಳುಹಿಸಿ, ಹೊಗೆಯನ್ನೂ ಕೊಳಚೆಯನ್ನೂ ತಡೆಯಲು ತಾವು ಹೂಡಿದ ಬಂಡವಾಳವೆಷ್ಟು, ಆ ಯಂತ್ರಗಳನ್ನು ನಡೆಸಲು ತಗಲಿದ ವೆಚ್ಚವೆಷ್ಟು ಎಂಬುದನ್ನು ಕೇಳಿ ಬರೆದುಕೊಳ್ಳುತ್ತಿತ್ತು. ಅನಂತರ ಸರ್ಕಾರದಲ್ಲಿ ಹಣದ ಅಭಾವವಾಯಿತೆಂದು ಈ ಗಣತಿ ನಿಂತುಹೋಗಿ, ಮತ್ತೆ 1999ರಲ್ಲಿ ಒಮ್ಮೆ, 2005ರಲ್ಲಿ ಒಮ್ಮೆ ಮಾತ್ರ ನಡೆಯಿತು. ಪರಿಸರಕ್ಕೆ ಎಷ್ಟು ವೆಚ್ಚವಾಗುತ್ತದೆಂದು ಎಣಿಸುವ ವೆಚ್ಚವೇ ಒಂದು ದೊಡ್ಡ ರಾಷ್ಟ್ರಕ್ಕೆ ಭಾರವಾಗಿ ಕಂಡಿತೆಂಬುದು ವಿನೋದವೆನಿಸಿದರೂ ನಿಜ. 2005ರ ಗಣತಿಯ ಪ್ರಕಾರ ಆ ದೇಶದ ಉತ್ಪಾದನಾ ಕೈಗಾರಿಕೆಗಳು ಮಾಲಿನ್ಯ ನಿಯಂತ್ರಣದ ಬಂಡವಾಳಕ್ಕಾಗಿ ಸುಮಾರು 590 ಕೋಟಿ ಡಾಲರುಗಳನ್ನೂ, ನಿತ್ಯದ ನಿರ್ವಹಣೆಗಾಗಿ ಸುಮಾರು 2,070 ಕೋಟಿ ಡಾಲರುಗಳನ್ನೂ ವೆಚ್ಚಮಾಡಿದ್ದವು. ಕೇಳುವುದಕ್ಕೆ ಇದು ಬೃಹತ್ತಾದ ಮೊತ್ತ. ಆದರೆ ಅವು ಮಾರಿದ ಸರಕಿನ ಬೆಲೆಯೊಡನೆ ಇಟ್ಟು ನೋಡಿದರೆ ಇದು ನೂರಕ್ಕೆ ಒಂದಕ್ಕಿಂತಲೂ ಕಡಮೆ. ಎಣ್ಣೆ ಶುದ್ಧೀಕರಣ, ಕಾಗದ, ರಸಾಯನ, ಲೋಹ ಇಂಥ ಕೆಲವು ಉದ್ಯಮಗಳಿಗೆ ಹೊರೆ ಹೆಚ್ಚು, ಮಿಕ್ಕವಕ್ಕೆ ತೀರ ಅಲ್ಪ ಎಂಬುದನ್ನು ಲಕ್ಷ್ಯದಲ್ಲಿಟ್ಟುಕೊಂಡರೂ, ಪರಿಸರದ ಕಾಯಿದೆಗಳಿಂದ ಕೈಗಾರಿಕೆಯೇ ಮುಳುಗಿಹೋಗುತ್ತದೆಂಬ ಆಕ್ರಂದನಕ್ಕೆ ಈ ಅಂಕೆಗಳಲ್ಲಿ ಆಧಾರ ದೊರೆಯುವುದಿಲ್ಲ.

ಈ ಅಂಕೆಗಳಲ್ಲಿ ತಾವು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಉಂಟು. ಬಂಡವಾಳದ ವೆಚ್ಚಕ್ಕಿಂತ ನಿರ್ವಹಣೆಯ ವೆಚ್ಚ ಮೂರು ಪಟ್ಟಿಗೂ ಮಿಗಿಲು. ಯಂತ್ರವನ್ನು ಕೊಳ್ಳುವುದು ಒಮ್ಮೆ; ಅದನ್ನು ನಡೆಸುವುದು ದಿನದಿನವೂ. ನಮ್ಮ ದೇಶದ ವಾರ್ಷಿಕ ಕೈಗಾರಿಕಾ ಸಮೀಕ್ಷೆಯಲ್ಲಿ ಕಾರ್ಖಾನೆಯ ಸ್ಥಿರಾಸ್ತಿಗಳನ್ನು ಬರೆಯುವ ಪಟ್ಟಿಯಲ್ಲಿ ಭೂಮಿ, ಕಟ್ಟಡ, ಯಂತ್ರಗಳ ಸಾಲಿನಲ್ಲಿಯೇ ಮಾಲಿನ್ಯ ನಿಯಂತ್ರಣ ಸಲಕರಣೆಗೂ ಪ್ರತ್ಯೇಕವಾದ ಒಂದು ಸಾಲನ್ನು ಕೊಟ್ಟಿದ್ದಾರೆ. ಆದರೆ ಆ ಸಲಕರಣೆಯನ್ನು ತಿರುಗಿಸಲು ಉರಿಸಿದ ವಿದ್ಯುತ್ತು, ಸುರಿದ ರಾಸಾಯನಿಕ, ಕಾವಲಿದ್ದ ಆಳಿನ ಸಂಬಳ ಇವೆಲ್ಲ ಕಾರ್ಖಾನೆಯ ಒಟ್ಟು ಖರ್ಚಿನಲ್ಲಿ ಕರಗಿಹೋಗುತ್ತವೆ. ಕೊಂಡದ್ದು ಕಾಣುತ್ತದೆ, ನಡೆಸಿದ್ದು ಕಾಣುವುದಿಲ್ಲ. ಆದಕಾರಣ ನಡೆಸದೆ ಬಿಟ್ಟದ್ದೂ ಕಾಣುವುದಿಲ್ಲ.

ಇದರ ಅರ್ಥವು ಮನಸ್ಸಿಗೆ ತಟ್ಟಬೇಕಾದರೆ, ಜನರು ಈಗ ಸುಲಭವಾಗಿ ಇಟಿಪಿ ಎಂದು ಕರೆಯುವ ತ್ಯಾಜ್ಯನೀರಿನ ಸಂಸ್ಕರಣ ಘಟಕವೊಂದರ ಬಳಿಗೆ ಹೋಗಿ ನಿಲ್ಲಬೇಕು. ಮೊದಲು ಕಸಕಡ್ಡಿಯನ್ನು ಸೋಸುವ ಜಾಲರಿ. ಆಮೇಲೆ ಎಲ್ಲ ಹೊತ್ತಿನ ನೀರನ್ನೂ ಬೆರೆಸಿ ಒಂದು ಹದಕ್ಕೆ ತರುವ ತೊಟ್ಟಿ. ಸುಣ್ಣವನ್ನೋ ಪಟಿಕವನ್ನೋ ಹಾಕಿ ಕಲ್ಮಷವನ್ನು ತಳಕ್ಕಿಳಿಸುವ ತೊಟ್ಟಿ. ಅದನ್ನು ದಾಟಿದರೆ ಗಾಳಿಯೂಡುವ ತೊಟ್ಟಿ. ಈ ಕಡೆಯ ತೊಟ್ಟಿಯಲ್ಲಿ ಕೆಲಸಮಾಡುವವು ಯಂತ್ರಗಳಲ್ಲ, ಕಣ್ಣಿಗೆ ಕಾಣದ ಅಣುಜೀವಿಗಳು. ನೀರಿನಲ್ಲಿ ಬೆರೆತ ಕೊಳೆಯೇ ಅವುಗಳ ಆಹಾರ. ಆದರೆ ಅವು ಬದುಕಿ ಉಣ್ಣಬೇಕಾದರೆ ನೀರಿನೊಳಗೆ ಹಗಲಿರುಳೂ ಗಾಳಿಯನ್ನು ನುಗ್ಗಿಸುತ್ತಿರಬೇಕು. ಅದಕ್ಕಾಗಿ ಇಟ್ಟಿರುವ ಬ್ಲೋವರು ನುಂಗುವ ವಿದ್ಯುತ್ತೇ ಘಟಕದ ಖರ್ಚಿನಲ್ಲಿ ಹಿರಿದಾದ ಪಾಲು. ಹೀಗಿರುವಲ್ಲಿ, ರಾತ್ರಿ ಹನ್ನೊಂದು ಗಂಟೆಯ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬರುವುದಿಲ್ಲವೆಂಬ ಧೈರ್ಯದಿಂದ ಒಂದು ಗುಂಡಿಯನ್ನು ಒತ್ತಿ ಬ್ಲೋವರನ್ನು ನಿಲ್ಲಿಸಿಬಿಟ್ಟರೆ ತಿಂಗಳ ಕೊನೆಗೆ ಉಳಿಯುವ ಹಣ ಸಣ್ಣದಲ್ಲ. ಅಣುಜೀವಿಗಳು ಉಸಿರುಕಟ್ಟಿ ಸಾಯುತ್ತವೆ, ತೊಟ್ಟಿ ಕಪ್ಪಗಾಗಿ ನಾರುತ್ತದೆ, ನೀರು ಬಂದ ಹಾಗೆಯೇ ಹೊಳೆಗೆ ಹೋಗುತ್ತದೆ. ವಾರ್ಷಿಕ ವರದಿಯಲ್ಲಿ ಮಾತ್ರ ಇಷ್ಟು ಕೋಟಿ ರೂಪಾಯಿಯ ಸಂಸ್ಕರಣ ಘಟಕವೆಂಬ ಸಾಲು ವರ್ಣಚಿತ್ರದೊಡನೆ ಹಾಗೆಯೇ ರಾರಾಜಿಸುತ್ತದೆ. ಎಲ್ಲ ಕಾರ್ಖಾನೆಗಳೂ ಹೀಗೆ ಮಾಡುತ್ತವೆಂದು ನಾನು ಹೇಳುತ್ತಿಲ್ಲ. ಹೀಗೆ ಮಾಡಲು ಇರುವ ಪ್ರಲೋಭನೆ ಎಲ್ಲಿ ಅಡಗಿದೆ ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ.

ತೋರಿಕೆಯ ವೆಚ್ಚವು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಜಪಾನಿನ ಮಿನಮಾತಾ ಎಂಬ ಕಡಲತೀರದ ಊರಿನ ಕಥೆಗಿಂತ ಮಿಗಿಲಾದ ದೃಷ್ಟಾಂತವನ್ನು ನಾನು ಅರಿಯೆ. ಅಲ್ಲಿ ಚಿಸ್ಸೋ ಎಂಬ ಕಂಪನಿಯ ಕಾರ್ಖಾನೆಯು ಪಾದರಸವನ್ನು ಬಳಸಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸುತ್ತಿತ್ತು. ಕಾರ್ಖಾನೆಯ ನೀರು ಕೊಲ್ಲಿಗೆ ಹರಿದು, ಅದರಲ್ಲಿದ್ದ ಪಾದರಸದ ವಿಷವು ಮೀನಿನಲ್ಲಿ ಸೇರಿ, ಮೀನನ್ನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಅನಂತರ ಬೆಸ್ತರ ಮಕ್ಕಳು ಕೈಕಾಲುಗಳ ಸ್ವಾಧೀನ ತಪ್ಪಿ, ಮಾತು ತೊದಲಿ, ದೃಷ್ಟಿ ಮುಚ್ಚಿ ಮಲಗಿದರು. 1956ರ ಮೇ ಒಂದರಂದು ಈ ರೋಗ ಅಧಿಕೃತವಾಗಿ ವರದಿಯಾಯಿತು. 1959ರಲ್ಲಿ ಕಾರ್ಖಾನೆಯ ಆಸ್ಪತ್ರೆಯ ಮುಖ್ಯ ವೈದ್ಯರೇ ಆಗಿದ್ದ ಹೊಸೊಕಾವಾ ಅವರು ಒಂದು ಬೆಕ್ಕಿಗೆ ಆ ತ್ಯಾಜ್ಯನೀರನ್ನು ಆಹಾರದೊಡನೆ ಕೊಟ್ಟು ನೋಡಿ, ಅದಕ್ಕೂ ಅದೇ ರೋಗ ಹತ್ತಿದ್ದನ್ನು ಕಣ್ಣಾರೆ ಕಂಡರು. ಕಂಪನಿಯು ಆ ಪ್ರಯೋಗವನ್ನು ಮುಂದುವರಿಸಗೊಡದೆ ಅದರ ಫಲವನ್ನು ಮುಚ್ಚಿಟ್ಟಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿಯು ಸೈಕ್ಲೇಟರ್ ಎಂಬ ಹೆಸರಿನ ಒಂದು ನೀರು ಶುದ್ಧೀಕರಣ ಯಂತ್ರವನ್ನು ಸ್ಥಾಪಿಸಿತು. ಉದ್ಘಾಟನೆ ಸಂಭ್ರಮದಿಂದ ನಡೆಯಿತು. ಗಣ್ಯರೆಲ್ಲರ ಎದುರಿನಲ್ಲಿ ಕಂಪನಿಯ ಅಧ್ಯಕ್ಷರು ಆ ಯಂತ್ರದಿಂದ ಶುದ್ಧವಾಗಿ ಬಂದ ನೀರೆಂದು ಹೇಳಿ ಒಂದು ಲೋಟ ನೀರನ್ನು ಎತ್ತಿ ಕುಡಿದರು. ನಿಜವಾಗಿ ಪಾದರಸವಿದ್ದ ನೀರು ಅಂದು ಆ ಯಂತ್ರದ ಮೂಲಕ ಹಾದೇ ಇರಲಿಲ್ಲ. ಹಾದಿದ್ದರೂ ಪಾದರಸವನ್ನು ತೆಗೆಯುವ ಶಕ್ತಿ ಅದಕ್ಕಿರಲಿಲ್ಲ. ಜನರನ್ನು ಸಮಾಧಾನಪಡಿಸುವ ಸಾಮಾಜಿಕ ಪರಿಹಾರವೆಂದೇ ಅದನ್ನು ಕಟ್ಟಲಾಯಿತೆಂಬುದು ಬಹುಕಾಲದ ಮೇಲೆ ನ್ಯಾಯಾಲಯದಲ್ಲಿ ಹೊರಬಿದ್ದಿತು. ಅಂದು ಊರಿನ ಜನ ಸಮಾಧಾನಗೊಂಡರು, ಪತ್ರಿಕೆಗಳು ಬರೆದವು, ಸರ್ಕಾರ ಸುಮ್ಮನಾಯಿತು. ವಿಷವು ಮಾತ್ರ 1968ರವರೆಗೆ, ಎಂದರೆ ಮುಂದೆ ಎಂಟು ವರ್ಷಕ್ಕೂ ಹೆಚ್ಚು ಕಾಲ, ಕೊಲ್ಲಿಗೆ ಹರಿಯುತ್ತಲೇ ಇತ್ತು. ಕೈಗಾರಿಕೆಯು ಪರಿಸರಕ್ಕಾಗಿ ವ್ಯಯಿಸಿದ ಹಣದ ಪಟ್ಟಿಯನ್ನು ಅಂದು ಯಾರಾದರೂ ಮಾಡಿದ್ದಲ್ಲಿ ಸೈಕ್ಲೇಟರಿನ ಬೆಲೆ ಅದರಲ್ಲಿ ಅಗ್ರಸ್ಥಾನವನ್ನೇ ಪಡೆಯುತ್ತಿತ್ತು.

ಮುಂದಿನ ಲೆಕ್ಕವನ್ನು ಕೇಳಿ. 1973ರ ಮಾರ್ಚಿನಲ್ಲಿ ಕುಮಾಮೊತೊ ನ್ಯಾಯಾಲಯವು ಕಂಪನಿಯನ್ನು ತಪ್ಪಿತಸ್ಥವೆಂದು ತೀರ್ಮಾನಿಸಿ, ಸತ್ತವರಿಗೆ ತಲಾ ಒಂದು ಕೋಟಿ 80 ಲಕ್ಷ ಯೆನ್ನುಗಳ ಪರಿಹಾರವನ್ನು ವಿಧಿಸಿತು. ಕೊಲ್ಲಿಯ ತಳದಲ್ಲಿ ಸಂಚಯವಾಗಿದ್ದ ವಿಷದ ಕೆಸರನ್ನು 1977ರಿಂದ 1990ರವರೆಗೆ ತೋಡಿ ತೆಗೆದು ಹೂಳಿ ಮುಚ್ಚುವುದಕ್ಕೆ ಸುಮಾರು 4,850 ಕೋಟಿ ಯೆನ್ ತಗಲಿತು. ಕಂಪನಿಯೊಂದೇ ಅದನ್ನು ಹೊರಲಾರದೆ ಹೋದದ್ದರಿಂದ ಪ್ರಜೆಗಳ ತೆರಿಗೆಯ ಹಣವೂ ಅದಕ್ಕೆ ಸೇರಬೇಕಾಯಿತು. 1991ರಲ್ಲಿ ಜಪಾನಿನಲ್ಲಿ ಪ್ರಕಟವಾದ ಒಂದು ಅಧ್ಯಯನವು, ಮಿನಮಾತಾದಲ್ಲಿ ಆದ ಹಾನಿಯ ಬೆಲೆಯನ್ನು ವರ್ಷಕ್ಕೆ ಹಂಚಿದರೆ ಸುಮಾರು 1,263 ಕೋಟಿ ಯೆನ್ನಾಗುತ್ತದೆಂದೂ, ಮೊದಲೇ ಮಾಲಿನ್ಯವನ್ನು ತಡೆದಿದ್ದರೆ ವರ್ಷಕ್ಕೆ 12 ಕೋಟಿ ಯೆನ್ನಿನ ಸುಮಾರಿನಲ್ಲಿ ಮುಗಿಯುತ್ತಿತ್ತೆಂದೂ ಲೆಕ್ಕ ಹಾಕಿದೆ. ಒಂದಕ್ಕೆ ನೂರು. ಈ ಪ್ರಮಾಣ ಎಲ್ಲೆಡೆಯಲ್ಲಿಯೂ ಹೀಗೆಯೇ ಇರುತ್ತದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಅದೇ ಅಧ್ಯಯನವು ಹೊಗೆಯಿಂದ ಉಬ್ಬಸ ಹರಡಿದ ಯೊಕ್ಕಾಯಿಚಿ ಪಟ್ಟಣವನ್ನು ಕುರಿತು ಹೇಳುವಾಗ ಹಾನಿ ವರ್ಷಕ್ಕೆ ಸುಮಾರು 2,100 ಕೋಟಿ ಯೆನ್, ತಡೆಯುವ ವೆಚ್ಚ ಸುಮಾರು 1,480 ಕೋಟಿ ಯೆನ್ ಎನ್ನುತ್ತದೆ. ಅಲ್ಲಿ ಅಂತರ ಅಷ್ಟು ದೊಡ್ಡದಲ್ಲ. ಆದರೂ ತಡೆಯುವುದೇ ಅಗ್ಗ. ಇನ್ನು ಈ ಎರಡು ಊರುಗಳ ಲೆಕ್ಕದಲ್ಲಿಯೂ ಹಾನಿಯ ಪಕ್ಷದಲ್ಲಿರುವುದು ಹಣದಿಂದ ಅಳೆಯಬಹುದಾದ ಭಾಗ ಮಾತ್ರ. ಹುಟ್ಟುವ ಮೊದಲೇ ತಾಯಿಯ ಗರ್ಭದಲ್ಲಿ ವಿಷವುಂಡು ಬಂದ ಶಿಶುವಿನ ಜೀವಮಾನವನ್ನು ಯಾವ ಅಂಕಣದಲ್ಲಿ ಬರೆಯುವುದು?

ಜಪಾನು ಈ ಪಾಠವನ್ನು ಕಲಿತದ್ದೂ ಉಂಟು. 1970ರಲ್ಲಿ ಅಲ್ಲಿನ ಸಂಸತ್ತು ಒಂದೇ ಅಧಿವೇಶನದಲ್ಲಿ ಮಾಲಿನ್ಯಕ್ಕೆ ಸಂಬಂಧಿಸಿದ 14 ಕಾಯಿದೆಗಳನ್ನು ಅಂಗೀಕರಿಸಿತು. ಅರುವತ್ತರ ದಶಕದ ನಡುವಿನಲ್ಲಿ ದೊಡ್ಡ ಉದ್ಯಮಗಳ ಹೊಸ ಬಂಡವಾಳದಲ್ಲಿ ನೂರಕ್ಕೆ ಮೂರರಷ್ಟಿದ್ದ ಮಾಲಿನ್ಯ ನಿಯಂತ್ರಣದ ಪಾಲು, 1975ರ ಹೊತ್ತಿಗೆ ನೂರಕ್ಕೆ ಹದಿನೇಳರ ಸುಮಾರಿಗೆ ಏರಿತು. ಅದು 1973ರ ತೈಲದ ಬಿಕ್ಕಟ್ಟು ಅಪ್ಪಳಿಸಿದ ಕಾಲ. ಉದ್ಯಮಗಳು ಅತ್ತುಕೊಂಡು ಹಣವನ್ನು ಹೂಡಿದವು, ಆದರೆ ಮುಳುಗಲಿಲ್ಲ. ಅನಂತರ ಆ ಪಾಲು ಕ್ರಮೇಣ ಇಳಿಯಿತು. ಮುಖ್ಯವಾದ ಸಲಕರಣೆಗಳನ್ನು ಕಟ್ಟಿ ಮುಗಿಸಿದ್ದರಿಂದ ಇಳಿಯಿತು.

ನಮ್ಮ ದೇಶಕ್ಕೆ ಬರೋಣ. ರಾಜಸ್ಥಾನದ ಉದಯಪುರದ ಬಳಿ ಬಿಚ್ಛ್ರಿ ಎಂಬ ಹಳ್ಳಿ ಇದೆ. 1988ರ ಸುಮಾರಿನಲ್ಲಿ ಅಲ್ಲಿ ಒಂದು ಕಂಪನಿಯವರು ಎಚ್ ಆಸಿಡ್ ಎಂಬ, ಬಣ್ಣದ ತಯಾರಿಕೆಗೆ ಬೇಕಾದ ಒಂದು ರಾಸಾಯನಿಕವನ್ನು ಕೇವಲ ರಫ್ತಿಗಾಗಿ ಉತ್ಪಾದಿಸತೊಡಗಿದರು. ಪಾಶ್ಚಾತ್ಯ ದೇಶಗಳು ತಮ್ಮ ನೆಲದಲ್ಲಿ ಅದರ ತಯಾರಿಕೆಯನ್ನು ನಿಷೇಧಿಸಿದ್ದವಾದರೂ ಅದರ ಬಳಕೆಯನ್ನು ಬಿಟ್ಟಿರಲಿಲ್ಲವೆಂಬುದನ್ನು ಸುಪ್ರೀಂ ಕೋರ್ಟೇ ತನ್ನ ತೀರ್ಪಿನಲ್ಲಿ ಖೇದದಿಂದ ಬರೆದಿದೆ. ತಯಾರಾದದ್ದು ಸುಮಾರು 375 ಟನ್. ಅದರಿಂದ ಹೊರಬಿದ್ದದ್ದು ಸುಮಾರು 8,250 ಘನಮೀಟರ್ ವಿಷದ ನೀರು ಮತ್ತು 2,440 ಟನ್ ರಾಡಿ. ಆ ರಾಡಿಯನ್ನು ಬಯಲಲ್ಲಿ ಸುರಿದರು. ಮಳೆ ಬಂದು ವಿಷವು ನೆಲದೊಳಕ್ಕೆ ಇಳಿಯಿತು. ಹತ್ತಾರು ಬಾವಿಗಳ ನೀರು ಬಣ್ಣಗೆಟ್ಟು ಮನುಷ್ಯನಿಗಾಗಲಿ ದನಕ್ಕಾಗಲಿ ಗದ್ದೆಗಾಗಲಿ ಬಾರದ ಹಾಗಾಯಿತು. 1996ರ ಫೆಬ್ರುವರಿಯಲ್ಲಿ ನ್ಯಾಯಾಲಯವು, ಮಲಿನಗೊಳಿಸಿದವನೇ ಅದರ ಪರಿಹಾರದ ವೆಚ್ಚವನ್ನು ತೆರತಕ್ಕದ್ದು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಶುದ್ಧೀಕರಣದ ವೆಚ್ಚ 37 ಕೋಟಿ 38 ಲಕ್ಷ ರೂಪಾಯಿಯೆಂದು ಆಮೇಲೆ ಅಂದಾಜಾಯಿತು. ತಾವು ಕೇಳುವಿರಿ, ಹಣ ಬಂದಿತೇ ಎಂದು. ಅರ್ಜಿಯ ಮೇಲೆ ಅರ್ಜಿ ಹಾಕಿ ಕಂಪನಿಯು ಹದಿನೈದು ವರ್ಷ ಕಾಲಹರಣಮಾಡಿತು. 2011ರ ಜುಲೈಯಲ್ಲಿ ನ್ಯಾಯಾಲಯವು ಸಹನೆಗೆಟ್ಟು, ನೂರಕ್ಕೆ ಹನ್ನೆರಡರ ಚಕ್ರಬಡ್ಡಿಯನ್ನು ಸೇರಿಸಿ ಹಣ ಕಟ್ಟಬೇಕೆಂದು ಆಜ್ಞಾಪಿಸಿತು. ಚಕ್ರಬಡ್ಡಿಯ ಆ ಮಾತು ಬರಿಯ ಕೋಪದ ಮಾತಲ್ಲ, ಅರ್ಥಶಾಸ್ತ್ರದ ಮಾತು. ಪರಿಸರಕ್ಕೆ ಕೊಡಬೇಕಾದ ಹಣವನ್ನು ಕೊಡದೆ ಇಟ್ಟುಕೊಂಡ ಪ್ರತಿವರ್ಷವೂ ಆ ಹಣ ವ್ಯಾಪಾರದಲ್ಲಿ ದುಡಿಯುತ್ತಿರುತ್ತದೆ. ಎಂದಮೇಲೆ ವಿಳಂಬವೇ ಒಂದು ಲಾಭ. ಆ ಲಾಭವನ್ನು ಕಸಿದುಕೊಳ್ಳದೆ ಎಷ್ಟು ದಂಡ ವಿಧಿಸಿದರೂ ಅದು ಸಾಲದ ಮೇಲಿನ ಅಗ್ಗದ ಬಡ್ಡಿಯಂತಾಗುತ್ತದೆ.

ಇಲ್ಲಿ ಒಂದು ತೊಡಕಾದ ವಿಷಯವನ್ನು ಹೇಳಬೇಕಾಗಿದೆ. ಪರಿಸರಕ್ಕೆ ಅತ್ಯಂತ ಹಿತವಾದ ವೆಚ್ಚಗಳು ಅನೇಕವೇಳೆ ಪರಿಸರದ ಲೆಕ್ಕದಲ್ಲಿ ಬರುವುದೇ ಇಲ್ಲ. ಕಾಸ್ಟಿಕ್ ಸೋಡಾ ತಯಾರಿಸುವ ಕಾರ್ಖಾನೆಗಳು ಹಿಂದೆ ಪಾದರಸದ ಕೋಶಗಳಲ್ಲಿ ಉಪ್ಪುನೀರನ್ನು ವಿದ್ಯುತ್ತಿನಿಂದ ಒಡೆಯುತ್ತಿದ್ದವು. ನಮ್ಮ ಕಾರವಾರದ ಬಳಿಯ ಬಿಣಗಾದ ಕಾರ್ಖಾನೆಯೂ ಮೊದಲು ಆ ವಿಧಾನದಿಂದಲೇ ನಡೆಯುತ್ತಿತ್ತು, ಅಲ್ಲಿನ ಕಡಲಿನ ಪಾದರಸವು ವಿಜ್ಞಾನಿಗಳ ಅಧ್ಯಯನಕ್ಕೆ ವಿಷಯವೂ ಆಗಿತ್ತು. 2003ರಲ್ಲಿ ಕೇಂದ್ರ ಸರ್ಕಾರವೂ ಹದಿನೇಳು ವರ್ಗದ ಕೈಗಾರಿಕೆಗಳೂ ಕೂಡಿ ಮಾಡಿಕೊಂಡ ಒಪ್ಪಂದದ ತರುವಾಯ ದೇಶದ ಇಂಥ ಕಾರ್ಖಾನೆಗಳು ಪಾದರಸವನ್ನು ಬಿಟ್ಟು ಪೊರೆಯ ಕೋಶಗಳಿಗೆ ಬದಲಾದವು. ಪಾದರಸವೇ ಇಲ್ಲದ ಮೇಲೆ ಅದನ್ನು ನೀರಿನಿಂದ ತೆಗೆಯುವ ವೆಚ್ಚವೂ ಇಲ್ಲ. ಜೊತೆಗೆ ವಿದ್ಯುತ್ತಿನ ಉಳಿತಾಯ. ಲೆಕ್ಕದಲ್ಲಿ ಇದು ಯಂತ್ರಗಳ ಆಧುನೀಕರಣವೆಂದು ದಾಖಲಾಗುತ್ತದೆಯೇ ವಿನಾ ಪರಿಸರ ರಕ್ಷಣೆಯೆಂದು ದಾಖಲಾಗುವುದು ವಿರಳ. ಆದ್ದರಿಂದ ಪರಿಸರದ ಖಾತೆಯಲ್ಲಿ ಹೆಚ್ಚು ಖರ್ಚು ತೋರಿಸಿದ ಕಾರ್ಖಾನೆ ಉತ್ತಮ, ಕಡಮೆ ತೋರಿಸಿದ್ದು ಅಧಮ ಎಂದು ತರತಮ ಮಾಡಹೊರಟವನು ಸೈಕ್ಲೇಟರಿಗೆ ಬಹುಮಾನ ಕೊಟ್ಟು ಪೊರೆಯ ಕೋಶಕ್ಕೆ ಛೀಮಾರಿ ಹಾಕಿಬಿಟ್ಟಾನು.

ಖರ್ಚನ್ನು ಕಾರ್ಖಾನೆಯ ಹಿಂಬಾಗಿಲಿನಲ್ಲಿ, ಎಂದರೆ ಹೊಗೆ ಮತ್ತು ಕೊಳಚೆ ಹೊರಬೀಳುವ ಕಡೆಯಲ್ಲಿ ಮಾತ್ರ ಹುಡುಕುವುದೂ ಸರಿಯಲ್ಲ; ಕಚ್ಚಾಸಾಮಗ್ರಿ ಒಳಬರುವ ಮುಂಬಾಗಿಲಲ್ಲಿಯೂ ನೋಡಬೇಕು. 1950ರ ದಶಕದ ಕೊನೆಯಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆಗೆ ಉತ್ತರಕನ್ನಡದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತು. ಬುಟ್ಟಿ ಹೆಣೆದು ಹೊಟ್ಟೆ ಹೊರೆಯುವ ಮೇದಾರನು ಪೇಟೆಯಲ್ಲಿ ಅದೇ ಬಿದಿರಿಗೆ ನೂರಾರು ಪಟ್ಟು ಹೆಚ್ಚು ಬೆಲೆಯನ್ನು ಕೊಡಬೇಕಾಗಿತ್ತು. ಪರಿಸರವಿಜ್ಞಾನಿ ಮಾಧವ ಗಾಡ್ಗೀಳರು ಎಪ್ಪತ್ತರ ದಶಕದಲ್ಲಿ ಸರ್ಕಾರದ ಕೋರಿಕೆಯ ಮೇರೆಗೆ ನಡೆಸಿದ ಅಧ್ಯಯನದಿಂದ ಈ ಬಿದಿರಿನ ದುರವಸ್ಥೆ ವಿದ್ವಲ್ಲೋಕಕ್ಕೆ ತಿಳಿಯಿತು. ಕಾಡು ಮತ್ತೆ ಬೆಳೆಯಲು ಬೇಕಾದ ವೆಚ್ಚವನ್ನು ಒಳಗೊಳ್ಳದ ಬೆಲೆಯು ಬೆಲೆಯೇ ಅಲ್ಲ. ಅದು ನಾಡಿನವರು ಉದ್ಯಮಕ್ಕೆ ಗುಟ್ಟಾಗಿ ಕೊಟ್ಟ ದಾನ.

ಉದ್ಯಮಗಳ ಪರವಾಗಿ ಹೇಳಬಹುದಾದ ನ್ಯಾಯವಾದ ಮಾತನ್ನೂ ಹೇಳದೆ ಹೋದರೆ ನಾನು ಪಕ್ಷಪಾತಿಯಾಗುತ್ತೇನೆ. ಬೆಂಗಳೂರಿನ ಪೀಣ್ಯದ ಸಣ್ಣ ಶೆಡ್ಡಿನಲ್ಲಿ ಹತ್ತು ಜನ ಕೆಲಸಗಾರರನ್ನಿಟ್ಟುಕೊಂಡು ಲೋಹಕ್ಕೆ ಲೇಪ ಹಾಕುವವನು, ಕ್ರೋಮಿಯಮ್ಮಿನ ನೀರನ್ನು ಶುದ್ಧಮಾಡುವ ಘಟಕವನ್ನು ಸ್ವಂತಕ್ಕೆ ಕಟ್ಟಿದರೆ ಅವನ ಅಂಗಡಿಯೇ ಮುಚ್ಚೀತು. ಹಾಗೆಂದು ಅವನ ನೀರು ಅಂತರ್ಜಲಕ್ಕೆ ಇಳಿಯಲೂ ಬಿಡಲಾಗದು. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಣ್ಣದ ಕಾರ್ಖಾನೆಗಳು ನೊಯ್ಯಲ್ ನದಿಯನ್ನು ಕೆಡಿಸಿದ ವಿಚಾರದಲ್ಲಿ ಮದ್ರಾಸ್ ಹೈಕೋರ್ಟು 2011ರ ಜನವರಿಯಲ್ಲಿ ನೂರಾರು ಘಟಕಗಳನ್ನು ಒಟ್ಟಿಗೆ ಮುಚ್ಚಿಸಿತು. ಹೊರಕ್ಕೆ ಒಂದು ಹನಿಯನ್ನೂ ಬಿಡದ ವ್ಯವಸ್ಥೆಯನ್ನು ಮಾಡಿಕೊಂಡ ಮೇಲೆ, ಸರ್ಕಾರದ ಸಹಾಯದಿಂದ, ಅವು ತೆರೆದವು. ನಾವು ಅಗ್ಗಕ್ಕೆ ಕೊಳ್ಳುವ ಬನಿಯನ್ನಿನ ಬೆಲೆಯಲ್ಲಿ ನದಿಯ ಪಾಲು ಸೇರಿರಲಿಲ್ಲವೆಂಬುದನ್ನು ಆಗ ಎಷ್ಟು ಜನ ಯೋಚಿಸಿದೆವು? ಸಣ್ಣವರು ಕೂಡಿ ಕಟ್ಟುವ ಸಾಮೂಹಿಕ ಘಟಕಗಳಿಗೆ ಸಾರ್ವಜನಿಕ ಹಣದ ನೆರವು ಸಲ್ಲತಕ್ಕದ್ದೇ ಎಂಬುದು ನನ್ನ ಅಭಿಪ್ರಾಯ. ದೊಡ್ಡವರಿಗೆ ಈ ವಿನಾಯಿತಿ ಸಲ್ಲದು.

ಆದರೆ ವಿನಾಯಿತಿ ದೊಡ್ಡವರಿಗೇ ಹೆಚ್ಚು ಸುಲಭವಾಗಿ ದೊರೆಯುತ್ತದೆಂಬುದು ಅನುಭವ. ಕಲ್ಲಿದ್ದಲ ವಿದ್ಯುತ್ ಸ್ಥಾವರಗಳ ಹೊಗೆಯಲ್ಲಿರುವ ಗಂಧಕದ ಆಮ್ಲವಾಯುವನ್ನು ಎರಡು ವರ್ಷದೊಳಗೆ ನಿಗದಿತ ಮಿತಿಗೆ ಇಳಿಸಬೇಕೆಂದು ಕೇಂದ್ರ ಸರ್ಕಾರವು 2015ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿತು; ಅದಕ್ಕೆ ಮುಖ್ಯವಾದ ಸಾಧನವೆಂದರೆ ಹೊಗೆಯನ್ನು ಸುಣ್ಣಕಲ್ಲಿನ ನೀರಿನಿಂದ ತೊಳೆಯುವ ವ್ಯವಸ್ಥೆ. 2017 ಬಂದಿತು, ಹೋಯಿತು. ಗಡುವು 2022ಕ್ಕೆ ಹೋಯಿತು. ಮತ್ತೆ ಮುಂದೆ ಹೋಯಿತು. ಕಡೆಗೆ 2025ರ ಜುಲೈಯಲ್ಲಿ, ಮುಕ್ಕಾಲು ಪಾಲಿಗೂ ಹೆಚ್ಚು ಘಟಕಗಳನ್ನು ಆ ಕರ್ತವ್ಯದಿಂದಲೇ ಬಿಡುಗಡೆ ಮಾಡಲಾಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಮೆ ಎಂಬುದು ಒಂದು ಸಮರ್ಥನೆ; ಯೂನಿಟ್ಟಿಗೆ 25ರಿಂದ 30 ಪೈಸೆ ಉಳಿಯುತ್ತದೆಂಬುದು ಇನ್ನೊಂದು. ಮೊದಲನೆಯದನ್ನು ತಜ್ಞರು ಚರ್ಚಿಸಲಿ. ಎರಡನೆಯದರ ಬಗ್ಗೆ ಒಂದು ಮಾತು: ಆ ಪೈಸೆಗಳು ಉಳಿಯುವುದು ವಿದ್ಯುತ್ತಿನ ಬಿಲ್ಲಿನಲ್ಲಿ, ಗಾಳಿಯಲ್ಲಿ ಗಂಧಕವು ಸೂಕ್ಷ್ಮವಾದ ಕಣಗಳಾಗಿ ಮಾರ್ಪಟ್ಟು ಎದೆಯೊಳಗೆ ಸೇರಿದ ಮೇಲೆ ಆಸ್ಪತ್ರೆಯ ಬಿಲ್ಲು ಬೇರೆಯದಾಗಿ ಬರುತ್ತದೆ, ಅದರ ಮೇಲೆ ಸ್ಥಾವರದ ಹೆಸರು ಇರುವುದಿಲ್ಲ. ಉಡುಪಿ ಜಿಲ್ಲೆಯ ನಂದಿಕೂರಿನ ಬಳಿಯ ಸ್ಥಾವರದಲ್ಲಿ ಇಂಥ ತೊಳೆಯುವ ವ್ಯವಸ್ಥೆಯನ್ನು ಆರಂಭದಲ್ಲಿಯೇ ಅಳವಡಿಸಿದ್ದರೆಂಬುದನ್ನು ನೆನೆದರೆ, ಈ ಕೆಲಸ ನಮ್ಮಲ್ಲಿ ಅಸಾಧ್ಯವೆಂಬ ವಾದ ನಿಲ್ಲುವುದಿಲ್ಲ.

ನಮ್ಮ ಬಳ್ಳಾರಿ ಸೀಮೆಯ ಗಣಿಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ಕೆಂಪು ಧೂಳು ಮೆತ್ತಿದ ಜೋಳದ ಹೊಲಗಳು, ಅದಿರು ಹೇರಿದ ಲಾರಿಗಳ ಸಾಲು, ಕಡಿದು ಬಿಸುಟ ಗುಡ್ಡಗಳು. 2011ರ ಜುಲೈಯಲ್ಲಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿಯು ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿಯೆಂದು ಎಣಿಸಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅನಂತರ ಗಣಿಗಳನ್ನು ಮತ್ತೆ ತೆರೆಯುವಾಗ ನ್ಯಾಯಾಲಯವು ಮಾರಾಟದ ಹಣದಲ್ಲಿ ಒಂದು ಪಾಲನ್ನು ಪರಿಸರದ ಪುನರುಜ್ಜೀವನಕ್ಕಾಗಿ ಎತ್ತಿಡಿಸಿತು. ಹಾಗೆ ಕೂಡಿದ ಹಣದಿಂದ ಬಳ್ಳಾರಿ, ಚಿತ್ರದುರ್ಗ, ತುಮಕೂರು ಸೀಮೆಗಳಿಗೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಯು 2022ರಲ್ಲಿ ಮಂಜೂರಾಯಿತು. ಈ ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಗುಡ್ಡದ ಬುಡದಲ್ಲಿ ತಡೆಗೋಡೆ, ಹಳ್ಳಕ್ಕೆ ಅಡ್ಡಲಾಗಿ ಒಡ್ಡು, ಲಾರಿಯ ಬದಲು ಮುಚ್ಚಿದ ಕನ್ವೇಯರ್, ರಸ್ತೆಗೆ ನೀರು ಚಿಮುಕಿಸುವುದು ಇವೆಲ್ಲ ಗಣಿ ತೋಡುವ ಮೊದಲೇ ಮಾಡಬಹುದಾಗಿದ್ದ ಕೆಲಸಗಳು. ತೋಡಿ ಮುಗಿಸಿದ ಮೇಲೆ ಅವಕ್ಕೆ ಪುನಶ್ಚೇತನವೆಂಬ ಭಾರಿ ಹೆಸರು ಬಂದಿತು, ಬೆಲೆಯೂ ಹಾಗೆಯೇ ಭಾರಿಯಾಯಿತು.

ಇಷ್ಟೆಲ್ಲ ಹೇಳಿದ ಮೇಲೆ, ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ ದೊಡ್ಡ ಕಂಪನಿಗಳು ತಮ್ಮ ಲಾಭದ ನೂರಕ್ಕೆ ಎರಡರಷ್ಟನ್ನು ವ್ಯಯಿಸಬೇಕೆಂಬ 2013ರ ಕಾಯಿದೆಯ ವಿಷಯವನ್ನು ತಮ್ಮಲ್ಲಿ ಯಾರಾದರೂ ನೆನೆದಾರು. ಆ ಹಣದಿಂದ ಶಾಲೆಗಳಿಗೆ ಬೆಂಚು ಬಂದಿದೆ, ಕೆರೆಗಳ ಹೂಳನ್ನು ತೆಗೆದಿದ್ದಾರೆ, ಪರಿಸರ ದಿನವಾದ ಜೂನ್ ಐದರಂದು ಸಸಿಗಳನ್ನೂ ನೆಟ್ಟಿದ್ದಾರೆ, ಒಳ್ಳೆಯದೇ. ಆದರೆ ಕಾಯಿದೆಯಿಂದ ವಿಧಿತವಾದ ಕರ್ತವ್ಯವನ್ನು ನೆರವೇರಿಸಲು ಮಾಡಿದ ವೆಚ್ಚವು ಈ ಲೆಕ್ಕಕ್ಕೆ ಸೇರುವುದಿಲ್ಲವೆಂದು ನಿಯಮಗಳೇ ಹೇಳುತ್ತವೆ. ತನ್ನ ಕೊಳಚೆಯನ್ನು ತಾನು ತೊಳೆಯುವುದು ಔದಾರ್ಯವಲ್ಲ. ನೆಟ್ಟ ಸಸಿಗಳ ಸಂಖ್ಯೆಯನ್ನು ಹೇಳಿ ಹರಿದ ಕೊಳಚೆಯ ಪ್ರಮಾಣವನ್ನು ಮರೆಸುವುದು ಸಭ್ಯತೆಯೂ ಅಲ್ಲ.

ಕಡೆಯದಾಗಿ ತಮ್ಮಲ್ಲಿ ನನ್ನದೊಂದು ವಿಜ್ಞಾಪನೆ. ಪರಿಸರ ಪರಿಣಾಮದ ಅಂದಾಜನ್ನು ಕುರಿತ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಂತೆ, ದೊಡ್ಡ ಕೈಗಾರಿಕೆಯೋ ಗಣಿಯೋ ಬರುವ ಮೊದಲು ತಮ್ಮ ಜಿಲ್ಲೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯತಕ್ಕದ್ದು. ಅದಕ್ಕೆ ಮೂವತ್ತು ದಿನಗಳ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರತಕ್ಕದ್ದು, ಯೋಜನೆಯ ಸಾರಾಂಶ ಕನ್ನಡದಲ್ಲಿ ದೊರೆಯತಕ್ಕದ್ದು. ಅಂಥ ಸಭೆಗಳಿಗೆ ತಾವು ಹೋಗಬೇಕು. ಕೆಲಸ ಎಷ್ಟು ಜನಕ್ಕೆ ಸಿಗುತ್ತದೆ, ಭೂಮಿಗೆ ಬೆಲೆಯೆಷ್ಟು ಎಂಬುದನ್ನು ಎಲ್ಲರೂ ಕೇಳುತ್ತಾರೆ, ಕೇಳಲಿ. ತಾವು ಪರಿಸರ ನಿರ್ವಹಣಾ ಯೋಜನೆಯ ಪುಟವನ್ನು ತೆರೆದು, ಅಲ್ಲಿರುವ ಎರಡು ಅಂಕಣಗಳಲ್ಲಿ ಮೊದಲನೆಯದಾದ ಬಂಡವಾಳದ ಅಂಕಣವನ್ನು ಬಿಟ್ಟು, ಎರಡನೆಯದಾದ ವಾರ್ಷಿಕ ವೆಚ್ಚದ ಅಂಕಣವನ್ನು ಓದಿ, ಅದು ಹೇಗೆ ಬಂದಿತೆಂದು ಜಿಲ್ಲಾಧಿಕಾರಿಗಳ ಎದುರಿನಲ್ಲಿ ಕೇಳಿ ಬರೆಯಿಸಿಕೊಳ್ಳಬೇಕು. ಕಾರ್ಖಾನೆ ನಡೆಯತೊಡಗಿದ ಮೇಲೆ, ಸಂಸ್ಕರಣ ಘಟಕಕ್ಕೆ ಪ್ರತ್ಯೇಕವಾದ ವಿದ್ಯುತ್ ಮೀಟರನ್ನು ಹಾಕಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯವರು ಸಮ್ಮತಿಪತ್ರಗಳಲ್ಲಿ ಸಾಮಾನ್ಯವಾಗಿ ವಿಧಿಸುವ ಷರತ್ತು ಉಂಟಲ್ಲ, ಆ ಮೀಟರು ತಿಂಗಳಿಗೆ ಎಷ್ಟು ಯೂನಿಟ್ ತೋರಿಸಿತೆಂಬುದನ್ನು ಮಾಹಿತಿ ಹಕ್ಕಿನ ಅರ್ಜಿಯಿಂದ ಮಂಡಳಿಯನ್ನು ಕೇಳಬಹುದು. ಅರ್ಜಿಯ ಶುಲ್ಕ ಹತ್ತು ರೂಪಾಯಿ.